ಗಂಡಸರಿಗಿಂತ ಮೊದಲು ಒಂದು ರೊಟ್ಟಿ

ಕೇಳಿ ತಿನ್ನುವುದು ಬ್ಯಾಡ್ ಮ್ಯಾನರ್ಸ್ ಎಂದು ನನಗೆ ಮೊದಲು ಕಲಿಸಿದವರು ಕಾನ್ವೆಂಟಿನ ಸಿಸ್ಟರ್‌ಗಳು. ಮದುವೆಯಾಗಿ ಶಹಾಬಾದಿಗೆ ಬಂದರೆ ಇಲ್ಲಿಯೂ ಅದೇ ಲೆಸನ್. ಮಾವ, ಮೈದುನ, ನಮ್ಮವರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಿಂದ ಬಂದು ಊಟ ಮುಗಿಸಬೇಕು, ಆಮೇಲೆ ಅತ್ತೆ, ಕೊನೆಗೆ ಸೊಸೆ. ಅಷ್ಟೊತ್ತಿಗೆ ಮೂರು ಗಂಟೆ. ಸೊಸೆಯಾದವಳು ಬಾಯಿಬಿಟ್ಟು ಹಸಿವು ಎನ್ನಬಾರದು. ಅರವತ್ತರ ದಶಕದ ಆ ಬೇಸಿಗೆಯಲ್ಲಿ ನಾನು ಐದು ತಿಂಗಳ ಬಸುರಿ. ಹನ್ನೆರಡಕ್ಕೇ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು.

ಅಡುಗೆಮನೆಯ ಕಿಟಕಿಯಾಚೆ ನಿಂಬೆಗಿಡದ ಟೊಂಗೆಗೆ ಕಡ್ಡಿಜೇನು ಕಟ್ಟಿತ್ತು. ಅಂಗೈಯಗಲದ ತೆರೆದ ಹುಟ್ಟು. ಅವುಗಳ ಸಂಸಾರವೆಲ್ಲ ಕಣ್ಣೆದುರಿಗೆ. ಹೊರಗಿಂದ ಬಂದ ಹುಳುವಿನ ಮುಂದೆ ಹಸಿದದ್ದೊಂದು ಬಂದು ನಿಲ್ಲುತ್ತಿತ್ತು. ತನ್ನ ಫೀಲರ್ಸ್, ಮೀಸೆಯಂಥ ಆ ಎರಡು ಎಳೆಗಳಿಂದ, ಅದರ ಮುಖ ತಟ್ಟಿ ತಟ್ಟಿ ಕೇಳುತ್ತಿತ್ತು. ಬಂದ ಹುಳು ಬಾಯಿ ತೆರೆದು ಒಂದು ಹನಿ ಮೇಲೆ ತರುತ್ತಿತ್ತು. ಹಸಿದದ್ದು ನಾಲಗೆ ಚಾಚಿ ಹೀರುತ್ತಿತ್ತು. ಹೀರಿ ಮುಗಿಯುವವರೆಗೂ ಎರಡರ ಮೀಸೆಗಳೂ ಒಂದನ್ನೊಂದು ಮುಟ್ಟುತ್ತಲೇ ಇರುತ್ತಿದ್ದವು. ಜೇನುಹುಳುವಿನೊಳಗೆ ಮನೆಮಂದಿಗೆಲ್ಲ ಸೇರಿದ ಒಂದು ಚೀಲವೇ ಬೇರೆ ಇರುತ್ತದೆಂದು ಬಯಾಲಜಿ ಸಿಸ್ಟರ್ ಹೇಳಿದ್ದರು. ಅಲ್ಲಿ ದುಡಿಯುವವರೆಲ್ಲ ಹೆಣ್ಣುಗಳೇ. ನಿನ್ನ ಪಾಳಿ ಬಂತೇ ಎಂದು ಒಂದೂ ಇನ್ನೊಂದನ್ನು ಗದರಿದ್ದನ್ನು ನಾನು ನೋಡಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಗಂಡಸರು ಆಗಲೇ ಬಂದು ಪಡಸಾಲೆಯಲ್ಲಿ ಕಾಲು ಚಾಚಿದ್ದರು.

“ಅತ್ತೀ, ನನಗ ಹಸಿವಾಗ್ಯದರಿ. ಒಂದು ರೊಟ್ಟಿ ಕೊಡ್ರಿ.”

ಬಡಿಯುವ ಸಪ್ಪಳ ನಿಂತಿತು.

“ಗಂಡಸರು ಇನ್ನಾ ಉಂಡಿಲ್ಲ. ನಾ ಎಂದಾರ ನಮ್ಮತ್ತಿಗಿ ಹಿಂಗ ಕೇಳೀನೇನು?”

“ಕೇಳಬೇಕಿತ್ರಿ.”

ಪಡಸಾಲೆಯಿಂದ ಮಾವನ ದನಿ ಬಂತು: “ಇದನ್ನೇ ಕಲಿಸ್ಯಾರೇನ್ ನಿನಗ ಕಾನ್ವೆಂಟಿನ್ಯಾಗ?”

“ಇಲ್ರಿ ಮಾವ, ಅವರೂ ಕೇಳಬ್ಯಾಡ ಅಂತಿದ್ರು. ಇದು ನಂದೇ ಬುದ್ಧಿ.”

ಮೈದುನ ನಕ್ಕ. “ವೈನಿ, ನಾಳಿಗಿ ನಮಗ ನೀವೇ ಬಡಸ್ರಿ ಅಂತೀರೇನು?”

“ಅಂತೀನಿ. ಕೈ ತೊಳಕೊಂಡು ಬರ್ರಿ.”

ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ. ಅತ್ತೆ ಹಂಚಿನ ಮೇಲಿನ ರೊಟ್ಟಿಯನ್ನು ನನ್ನ ತಾಟಿಗೆ ಎಸೆದರು. ಕೊಟ್ಟರೆಂದು ಬರೆದರೆ ಸುಳ್ಳಾದೀತು. ಅಭ್ಯಾಸಬಲದಿಂದ ಥ್ಯಾಂಕ್ಯೂ ಎಂದೆ. ಒಳಗೆ ಮೂಲೆಯಲ್ಲಿ ಕೂತು ತಿನ್ನಬಹುದಿತ್ತು. ಮೂವರಿಗೂ ಕಾಣುವಂತೆ ಬಾಗಿಲಿನಲ್ಲೇ ಕುಳಿತು, ಪುಂಡಿಪಲ್ಯ ಹಚ್ಚಿಕೊಂಡು, ನಿಧಾನಕ್ಕೆ ತಿಂದೆ.

ಮರುದಿನವೂ ಕೇಳಿದೆ. ಅದರ ಮರುದಿನವೂ. ಬೈಗುಳ ದಿನದಿನಕ್ಕೆ ಕಡಿಮೆಯಾಯಿತು. ರೊಟ್ಟಿ ಮಾತ್ರ ತಪ್ಪಲಿಲ್ಲ. ಎರಡು ವಾರ ಕಳೆದಿರಬೇಕು, ಒಂದು ದಿನ ಅತ್ತೆ ಹಂಚು ಇಳಿಸಿ, ತಮಗೊಂದು ತಾಟು ಹಚ್ಚಿಕೊಂಡು, ನನ್ನ ಪಕ್ಕ ಬಂದು ಕುಳಿತರು.

“ಏ, ಊಟಕ್ಕ ಎಷ್ಟೊತ್ತು?” ಮಾವ ಕೂಗಿದರು.

“ತಡೀರಿ,” ಎಂದರು ಅತ್ತೆ, ಬಾಯಿತುಂಬ ರೊಟ್ಟಿ. “ಉಣ್ಲಿಕತ್ತೀನಿ.”