ಗುಡ್ಡದಿಂದ ಗಾಡಿ ಇಳಿಸಿದ್ದು ನಾನಲ್ಲ

ದೆವ್ವ, ಪವಾಡ ಎಂಬ ಮಾತು ಬಂದರೆ ಎದ್ದು ಹೋಗುವವರ ಪೈಕಿ ನಾನು. ಅರಸೀಕೆರೆ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಹರಾಜಿಗೆ ಕಾಯುತ್ತ ಕೂತಾಗ ಯಾರಾದರೂ ಇಂಥ ಕಥೆ ತೆಗೆದರೆ, "ಎಷ್ಟು ಹಾಕಿದ್ದೆ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಬಹುದು. ನಾನು ಕುಡಿಯುವವನಲ್ಲ. ಅದು ಹಾಡಹಗಲು, ಪಕ್ಕದಲ್ಲಿ ಅಕ್ಕ ಕೂತಿದ್ದಳು.

ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನಗೆ ಅವ್ವನಾದವಳೂ ಅವಳೇ. ಅರಸೀಕೆರೆ ಹತ್ತಿರದ ಗಂಡಸಿ ಎಂಬ ಊರಿನಲ್ಲಿದ್ದಾಳೆ. ಊರಾಚೆ ಗುಡ್ಡದ ಮೇಲಿರುವ ಸಿದ್ದೇಶ್ವರ ನಮ್ಮ ಮನೆದೇವರು. ಮಂಡಿ ಸವೆದ ಮೇಲೆ ಅವಳು ಆರೇಳು ವರ್ಷ ಆ ಗುಡ್ಡ ಹತ್ತಿರಲಿಲ್ಲ. ಕಾರ್ತಿಕ ಸೋಮವಾರ ಬಂದರೆ ಹಿತ್ತಿಲಲ್ಲಿ ನಿಂತು ಅಲ್ಲಿಂದಲೇ ಕೈ ಮುಗಿಯುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ಹೇಗಾದರೂ ಇವಳನ್ನೊಮ್ಮೆ ಮೇಲಕ್ಕೆ ಕರೆದೊಯ್ಯಬೇಕು ಅನ್ನಿಸುತ್ತಿತ್ತು.

ಗಾಳಿ ವಿದ್ಯುತ್ತಿನ ಫ್ಯಾನು ನಿಲ್ಲಿಸಲೆಂದು ಗುಡ್ಡದ ಹಿಂಬದಿಯಲ್ಲಿ ಮಣ್ಣುದಾರಿ ಕಡಿದರು. ಆ ವರ್ಷವೇ ನಾನೊಂದು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಗಾಡಿ ತಂದೆ. ಆಟೋಮ್ಯಾಟಿಕ್, ಕ್ಲಚ್ಚೇ ಇಲ್ಲ. ಮಾರಿದ ಹುಡುಗ ದಿಬ್ಬವೊಂದರಲ್ಲಿ ಇಳಿಸಿ ತೋರಿಸಿದ್ದ. "ನಾಲ್ಕೂ ಚಕ್ರ ನಿಧಾನಕ್ಕೆ ಎಳೆಯೋ ಫೋರ್ ಲೋಗೆ ಹಾಕಿ, ಗೇರು ಒಂದರಲ್ಲಿಡಿ, ಈ ಗುಂಡಿ ಒತ್ತಿ, ಬ್ರೇಕನ್ನ ಗಾಡೀನೇ ಹಿಡಿಯುತ್ತೆ. ಆಮೇಲೆ ಬ್ರೇಕಿಂದ ಕಾಲು ತೆಗೀರಿ ಸಾರ್. ಅದರ ಪಾಡಿಗೆ ಅದು ಇಳಿಯುತ್ತೆ." ಇಳಿಜಾರಿನಲ್ಲಿ ಕಾಲು ತೆಗೆಯುವುದು ಎಂಬ ಮಾತು ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಮೂರು ವರ್ಷದ ಹಿಂದೆ, ಕಾರ್ತಿಕದ ಒಂದು ಸೋಮವಾರ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಹತ್ತುವುದಕ್ಕೇನೂ ತೊಂದರೆಯಾಗಲಿಲ್ಲ. ಅಕ್ಕ ದೇವರ ಮುಂದೆ ಕೂತು ಮನಸಾರೆ ಅತ್ತಳು. ಪೂಜಾರಿ ಕಂಠದವರೆಗೆ ತೀರ್ಥ ತುಂಬಿ ಕೊಟ್ಟ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದಳು. ಸುಮಾರು ನಾಲ್ಕು ಗಂಟೆ.

ಹುಡುಗ ಹೇಳಿದಂತೆಯೇ ಎಲ್ಲ ಮಾಡಿದೆ. ಗಾಡಿ ಆಳು ನಡೆಯುವ ವೇಗದಲ್ಲಿ ಕಟಕಟ ಸದ್ದು ಮಾಡುತ್ತ ಇಳಿಯಿತು. ಎಂಜಿನ್ ಮಾತ್ರ ಗೊರಗೊರ ಅನ್ನುತ್ತಿತ್ತು. ನಾನು ಇಪ್ಪತ್ತು ವರ್ಷ ಟೆಂಪೋದಲ್ಲಿ ಕೊಬ್ಬರಿ ಹೊಡೆದವನು. ಇಳಿಜಾರು ಕಂಡರೆ ನ್ಯೂಟ್ರಲ್ಲಿಗೆ ಹಾಕಿ ಬಿಡುವುದು ನಮ್ಮ ಕಡೆ ಡ್ರೈವರನ ಜಾಣತನ. ಒಂದು ಲೋಟ ಡೀಸೆಲ್ ಉಳಿದರೂ ಉಳಿಯಿತು ಎಂಬ ಲೆಕ್ಕ. ಆ ಗೊರಗೊರ ಕೇಳಲಾರದೆ ನನ್ನ ಎಡಗೈ ತಾನಾಗಿ ಹೋಗಿ ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿತು.

ಗುಂಡಿಯ ದೀಪ ಆರಿತು. ಗಾಡಿ ಓಡತೊಡಗಿತು. ಬ್ರೇಕ್ ಒತ್ತಿದೆ. ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಸಡಿಲ ಜಲ್ಲಿಯ ಮೇಲೆ ಜಾರುತ್ತ ಹೋಯಿತು. ಮುಂದೆ ಬಲಕ್ಕೆ ತಿರುವು, ಎಡಕ್ಕೆ ಕಲ್ಲು ತೆಗೆದ ಹೊಂಡ. ಸ್ಟೇರಿಂಗ್ ತಿರುಗಿಸಿದರೂ ಮೂತಿ ಹೊಂಡದ ಕಡೆಗೇ. ಮನೆಯಲ್ಲಿ ನೆಮ್ಮದಿಯಾಗಿದ್ದವಳನ್ನು ಇಲ್ಲಿಗೆ ತಂದವನು ನಾನು ಎಂಬುದೊಂದೇ ತಲೆಯಲ್ಲಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡೆ. ಬ್ರೇಕಿನ ಮೇಲೆ ಕಾಲೂ ಇರಲಿಲ್ಲ.

ಬೀಳಲಿಲ್ಲ. ಕಣ್ಣು ಬಿಟ್ಟಾಗ ಗಾಡಿ ಮತ್ತೆ ಆಳು ನಡೆಯುವ ವೇಗದಲ್ಲಿ ಇಳಿಯುತ್ತಿತ್ತು. ಕಟಕಟವಿಲ್ಲ, ಗೊರಗೊರವಿಲ್ಲ. ಗೇರು ಇನ್ನೂ ನ್ಯೂಟ್ರಲ್ಲಿನಲ್ಲೇ ಇತ್ತು. ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ತಿರುವು ಬಂದಾಗ ಸ್ಟೇರಿಂಗ್ ಮೆಲ್ಲಗೆ ಬಲಕ್ಕೆ ತಿರುಗಿ ಮತ್ತೆ ನೆಟ್ಟಗಾಯಿತು. ಮುಟ್ಟಿದರೆ ಎಲ್ಲಿ ಕೆಡುತ್ತದೋ ಎಂದು ನಾನು ಮುಟ್ಟಲಿಲ್ಲ. ಗುಡ್ಡದ ಬುಡದ ಹುಣಸೆಮರದ ಹತ್ತಿರ ಅದು ತಾನಾಗಿ ನಿಂತಿತು.

"ಒಂದು ತೊಟ್ಟೂ ಚೆಲ್ಲಲಿಲ್ಲ ಕಣೋ. ಎಷ್ಟು ಹಗೂರಕ್ಕೆ ಇಳಿಸ್ದೆ," ಎಂದಳು ಅಕ್ಕ. ಮಡಿಲಲ್ಲಿ ಚೊಂಬು ತುಂಬಿದ್ದಂತೆಯೇ ಇತ್ತು.

"ಜಾರ್ತಲ್ಲಕ್ಕ. ಗೊತ್ತಾಗ್ಲಿಲ್ವಾ?"

"ಎಲ್ಲಿ ಜಾರ್ತು? ನಾನು ಮೇಲಿಂದಾನೂ ನಿನ್ನೇ ನೋಡ್ತಿದ್ದೆ. ಎರಡೂ ಕೈಲಿ ಹಿಡ್ಕಂಡು ನೆಟ್ಟಗೆ ಕುಂತಿದ್ಯಲ್ಲ."

ಮಾರನೆಯ ದಿನ ಒಬ್ಬನೇ ನಡೆದು ಹೋಗಿ ನೋಡಿದೆ. ಚಕ್ರ ಉಜ್ಜಿಕೊಂಡು ಹೋದ ಗೀರು ಹೊಂಡದ ಅಂಚಿಗೆ ಎರಡು ಮೊಳ ಇರುವ ತನಕ ಇತ್ತು. ಅಲ್ಲಿಂದ ಮುಂದೆ ಟೈರಿನ ಅಚ್ಚು ಒಂದೊಂದೂ ಸ್ಪಷ್ಟವಾಗಿ ಬಿದ್ದಿತ್ತು. ಅಂದರೆ ಜಾರಿದ್ದು ನನ್ನ ಭ್ರಮೆಯಲ್ಲ. ಹಾಸನದ ಮೆಕ್ಯಾನಿಕ್ ಗಾಡಿಯನ್ನೆಲ್ಲ ತಪಾಸಣೆ ಮಾಡಿ, "ಈ ಗಾಡೀಲಿ ನ್ಯೂಟ್ರಲ್ ಮಾಡಿದ್ರೆ ಆ ಗುಂಡಿಯ ಕಂಟ್ರೋಲ್ ಕೆಲಸ ಮಾಡಲ್ಲ. ನೀವೇ ಬ್ರೇಕ್ ಹಿಡಿದಿರ್ತೀರಿ, ಗಾಬರೀಲಿ ನೆನಪಿಲ್ಲ ಅಷ್ಟೇ," ಎಂದ. ಹಾಗೇ ಇರಲಿ ಎಂದು ನಂಬಲು ಬಹಳ ಪ್ರಯತ್ನ ಮಾಡಿದ್ದೇನೆ. ತೊಡೆಯ ಮೇಲಿದ್ದ ಕೈಗಳು ನೆನಪಿಗೆ ಬಂದು ಎಲ್ಲ ಕೆಡುತ್ತದೆ.

ಅಕ್ಕನಿಗೆ ನಿಜ ಹೇಳಿದೆ. ಅವಳು ನಕ್ಕು, "ಸುಮ್ನಿರೋ, ಕಣ್ಣಾರೆ ನೋಡಿವ್ನಿ," ಎಂದಳು. ತನ್ನ ತಮ್ಮನಂಥ ಡ್ರೈವರ್ ಇಲ್ಲ ಎಂದು ಗಂಡಸಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಮುಂದಿನ ಎರಡು ಕಾರ್ತಿಕಗಳನ್ನು ನಾನು ಟೈರು, ಜ್ವರ ಎಂದು ಏನೇನೋ ನೆಪ ಹೇಳಿ ತಪ್ಪಿಸಿದೆ. ಈ ಸಲ ಅವಳು ಬಿಡುವ ಹಾಗೆ ಕಾಣುವುದಿಲ್ಲ. ಪಕ್ಕದ ಮನೆಯ ಇಬ್ಬರು ಮಂಡಿನೋವಿನ ಹೆಂಗಸರಿಗೂ ಸೀಟು ಹೇಳಿಟ್ಟಿದ್ದಾಳೆ.

ಸಣ್ಣ ದಿಬ್ಬಗಳಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಗೇರು ಒಂದರಲ್ಲಿಡುತ್ತೇನೆ, ಗುಂಡಿ ಒತ್ತುತ್ತೇನೆ. ಕಾಲು ಮಾತ್ರ ಬ್ರೇಕಿನಿಂದ ಏಳುವುದಿಲ್ಲ. ನಿನ್ನೆ ಸಂಜೆಯೂ ಅಕ್ಕನ ಫೋನು ಬಂತು. "ನೀನಿದ್ರೆ ನಂಗೆ ಭಯಾನೇ ಇಲ್ಲ ಕಣೋ, ಬಾ," ಎಂದಳು. ಅಂದು ಅವಳ ಪಕ್ಕದಲ್ಲಿ ನೆಟ್ಟಗೆ ಕೂತು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದ ತಮ್ಮ ಯಾರೋ ನನಗೆ ಗೊತ್ತಿಲ್ಲ. ಅವಳು ಬಾ ಎನ್ನುತ್ತಿರುವುದು ಅವನನ್ನು.