ಗುಡಿಸದ ನಡುಮನೆ

ನೆಲದ ಮೇಲೆ ಒಂದು ಕೂದಲು ಕಂಡರೆ ಮನೆಯನ್ನೇ ತೊಳೆಸುವ ಹೆಂಗಸು ನಮ್ಮ ರುಕ್ಮಿಣಕ್ಕ. ನಾನು ಅವಳ ಓರಗಿತ್ತಿ, ಕೊಯಮತ್ತೂರಿನ ಅದೇ ಮನೆಯ ಮಹಡಿಯಲ್ಲಿ ಸಂಸಾರ ಮಾಡಿಕೊಂಡಿರುವವಳು, ಹೇಳುವ ಹಕ್ಕು ನನಗಿದೆ. ಅಂಥವಳ ನಡುಮನೆ ಈಗ ಎಷ್ಟೋ ಸಲ ಗುಡಿಸದೆ ಬಿದ್ದಿರುತ್ತದೆ. ಬಂದವರು ಮೂಗು ಮುರಿಯುತ್ತಾರೆ. ಮುರಿಯಲಿ.

ಮನೆಯವರು ಪ್ರಯಾಣ ಹೊರಟರೆ, ಅವರು ಊರು ಮುಟ್ಟುವ ತನಕ ಮನೆ ಗುಡಿಸಬಾರದು ಎನ್ನುವುದು ನಮ್ಮತ್ತೆಯ ಕಾಲದ ಪದ್ಧತಿ. ಅಕ್ಕನ ಒಬ್ಬಳೇ ಮಗಳು ಶ್ರೀಜಾ ಮೊದಲ ಟೆನಿಸ್ ಪಂದ್ಯಕ್ಕೆ ತಿರುಪ್ಪೂರಿಗೆ ಹೋದಾಗ ಅವಳಿಗೆ ಹನ್ನೊಂದು ವರ್ಷ. ಅಪ್ಪನ ಜೊತೆ ಬಸ್ಸಿನಲ್ಲಿ ಹೋಗಿ, ಇಳಿದ ಕೂಡಲೇ ಫೋನು ಮಾಡಿದಳು. "ಮುಟ್ಟಿದ್ವಿ ಮಾ, ಇನ್ನು ಗುಡಿಸು." ಅಕ್ಕ ಸೆರಗು ಸಿಕ್ಕಿಸಿ ಪೊರಕೆ ಹಿಡಿದಳು. ಅವತ್ತು ಹುಡುಗಿ ಗೆದ್ದೂ ಬಂದಳು. ಕೇಳಬೇಕೆ, ಪದ್ಧತಿ ಗಟ್ಟಿಯಾಗಿ ಕೂತಿತು.

ಹುಡುಗಿ ಬೆಳೆದಂತೆ ಊರುಗಳು ದೂರವಾದವು. ಸೇಲಂ, ಚೆನ್ನೈ, ದೆಹಲಿ. ಹದಿನೆಂಟಕ್ಕೆ ವೃತ್ತಿ ಆಟಗಾರ್ತಿಯಾದಳು. ತಿರುಪ್ಪೂರಿನ ಬನಿಯನ್ ಕಂಪನಿಯೊಂದು ತನ್ನ ಹೆಸರನ್ನು ಅವಳ ಅಂಗಿಯ ತೋಳಿನ ಮೇಲೆ ಹೊಲಿಸಿ ವಿಮಾನದ ಖರ್ಚು ವಹಿಸಿಕೊಂಡಿತು. ಆಮೇಲೆ ಥಾಯ್ಲೆಂಡ್, ಟುನೀಶಿಯಾ, ಪೋರ್ಚುಗಲ್. ಅವಳ ರ‍್ಯಾಂಕು ಇನ್ನೂರರೊಳಗೆ ಬಂದಾಗ ಭಾವ ಸುಶೀಂದ್ರ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಅಕ್ಕ ಮಾತ್ರ ದೇವರಮನೆ, ಅಡುಗೆಮನೆ ಗುಡಿಸಿ, ನಡುಮನೆಯ ಹೊಸಿಲಿಗೆ ಪೊರಕೆ ಒರಗಿಸಿ, ಫೋನು ಕಾಯುತ್ತ ಕೂರುತ್ತಿದ್ದಳು. ಕೆಲಸದ ವಳ್ಳಿಯಮ್ಮ ಒಮ್ಮೆ ಮರೆತು ಗುಡಿಸಲು ಹೋಗಿ ಚೆನ್ನಾಗಿ ಬೈಸಿಕೊಂಡಳು.

ಬರಬರುತ್ತ ಫೋನು ಅಪರೂಪವಾಯಿತು. ಒಂದೂರಿಂದ ಇನ್ನೊಂದೂರಿಗೆ ಹಾರುತ್ತಲೇ ಇರುವವಳಿಗೆ ಮುಟ್ಟಿದ್ದು ಯಾವುದು, ಹೊರಟದ್ದು ಯಾವುದು? ಕೋಚ್ ಕಾರ್ತಿಕೇಯನ್ ತಲುಪಿದ್ದೇವೆಂದು ಮೆಸೇಜು ಹಾಕುತ್ತಿದ್ದರು. ಅಕ್ಕ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

"ಅವಳ ಬಾಯಲ್ಲೇ ಕೇಳ್ಬೇಕು ನಂಗೆ" ಎಂದಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು ಈ ಮಹರಾಯಿತಿಗೆ? ಟೀವಿಯಲ್ಲಿ ಅವಳು ಚೆಂಡು ಮೇಲೆಸೆದು ಕಣ್ಣೆತ್ತಿದಾಗ ಮಾತ್ರ ನನ್ನ ಸಿಟ್ಟು ಎಲ್ಲೋ ಹೋಗುತ್ತಿತ್ತು.

ಕಳೆದ ವಾರ ನಮ್ಮೂರಲ್ಲೇ ಪಂದ್ಯಾವಳಿ. ಎರಡು ವರ್ಷದ ಮೇಲೆ ಮಗಳು ಬರುತ್ತಾಳೆಂದು ಅಕ್ಕ ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಆದರೆ ಆಟಗಾರರೆಲ್ಲ ಹೋಟೆಲಿನಲ್ಲೇ ಇರಬೇಕಂತೆ. ಫೈನಲ್ಲಿನ ಹಿಂದಿನ ದಿನ ಶ್ರೀಜಾ ಊಟಕ್ಕೆಂದು ಬಂದಳು, ಶೂ ಕಳಚದೆ ನಡುಮನೆಯ ತನಕ ನಡೆದುಬಿಟ್ಟಳು. ಅಕ್ಕ ಅದನ್ನು ಕಂಡೂ ಎಲೆ ಹಾಕಲು ಹೋದಳು. ಊಟವಾದ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು.

"ಇವತ್ತೊಂದಿನ ಇಲ್ಲೇ ಮಲಗು ಕಣ್ಣು."

"ಆಗಲ್ಲ ಮಾ. ನಾಳೆ ಆಟ ಮುಗಿದ ಕೂಡ್ಲೇ ದೋಹಾಗೆ ಫ್ಲೈಟು."

ಅವಳು ಹೋದಳು. ಹೋಟೆಲು ಅವಿನಾಶಿ ರಸ್ತೆಯಲ್ಲಿ, ಇಪ್ಪತ್ತು ನಿಮಿಷದ ದಾರಿ. ಅಕ್ಕ ಫೋನು ಮಡಿಲಲ್ಲಿಟ್ಟುಕೊಂಡು ಕೂತಳು. ಇಷ್ಟು ಹತ್ತಿರಕ್ಕೆ ಅವಳೆಲ್ಲಿ ಮಾಡುತ್ತಾಳೆ ಎಂದು ನಾನು ಒಳಗೊಳಗೇ ಬೈಯುತ್ತಿದ್ದೆ. ಫೋನು ಬಂತು.

"ಮುಟ್ಟಿದೆ ಮಾ. ಇನ್ನು ಗುಡಿಸು."

"ಸರಿ ಕಣ್ಣು, ಗುಡಿಸ್ತೀನಿ."

ಅಕ್ಕನ ಮುಖ ಅರಳಿತು, ಕಣ್ಣೂ ತುಂಬಿತು. ನೆಲದ ಮೇಲೆ ಶೂಗಳ ಮಣ್ಣಿತ್ತು, ಬಾಚುವಾಗ ಉದುರಿದ ಉದ್ದನೆಯ ಕೂದಲುಗಳಿದ್ದವು. ಪೊರಕೆ ನಾನೇ ತಂದುಕೊಟ್ಟೆ. ಅಕ್ಕ ಅದನ್ನು ಇಸಿದುಕೊಂಡು, ಸ್ವಲ್ಪ ಹೊತ್ತು ನೆಲವನ್ನೇ ನೋಡಿ, ಬಾಗಿಲ ಹಿಂದೆ ಇಟ್ಟುಬಂದಳು.

"ನಾಳೆ ನೋಡೋಣ ಬಿಡು" ಎಂದಳು.

ಶ್ರೀಜಾ ಕಪ್ ಗೆದ್ದು ದೋಹಾ ಮುಟ್ಟಿ ನಾಲ್ಕು ದಿನವಾಯಿತು. ನಡುಮನೆ ಹಾಗೇ ಇದೆ. ನಾನೂ ಗೋಡೆಯ ಪಕ್ಕದಿಂದಲೇ ಓಡಾಡುತ್ತಿದ್ದೇನೆ.