ಅಕ್ಕನ ಕಣ್ಣಿಗೆ ಡೊಂಕಾದ ಗೆರೆ

ನಮ್ಮಕ್ಕ ಅಂಗಡಿಗಳ ಬೋರ್ಡು ಬರೆಯುವವಳು. ಏಣಿ ಹತ್ತಿ ಬ್ರಷ್ ಹಿಡಿದಳೆಂದರೆ ಕೆಳಗಿನಿಂದ ಯಾರು ಕರೆದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. "ಹೆಂಗಸಿಗೆ ಯಾಕಮ್ಮ ಈ ಕೆಲಸ?" ಎಂದ ಔಷಧಿ ಅಂಗಡಿಯವನಿಗೆ, "ನೀವೇ ಹತ್ತಿ ಸ್ವಾಮಿ, ನಾನು ಏಣಿ ಹಿಡ್ಕೊಂಡಿರ್ತೀನಿ" ಎಂದಿದ್ದಳು. ಅವನೆಲ್ಲಿ ಹತ್ತುತ್ತಾನೆ!

ಅವಳ ಶ್ವಾಸಕೋಶದ ಕ್ಯಾನ್ಸರ್ ಲಿವರಿಗೂ ಹಬ್ಬಿ, ಇದ್ದ ಔಷಧಿಗಳೆಲ್ಲ ಕೈಕೊಟ್ಟ ಮೇಲೆ ಆಸ್ಪತ್ರೆಯ ಡಾಕ್ಟರಮ್ಮ ಒಂದು ಪ್ರಯೋಗದ ವಿಷಯ ತೆಗೆದರು. ಕ್ಯಾನ್ಸರ್ ಕಣಗಳನ್ನೇ ಗುರಿಯಿಟ್ಟು ಹೊಡೆಯುವ ಎರಡು ಬಗೆಯ ಮಾತ್ರೆಗಳು. ಜೊತೆಯಾಗಿ ಎಷ್ಟು ಕೊಟ್ಟರೆ ಮೈ ತಡೆದೀತು ಎನ್ನುವುದು ಇನ್ನೂ ಗೊತ್ತಿಲ್ಲ. ಮೊದಲು ಕೆಲವರಿಗೆ ಕೊಡುತ್ತಾರೆ. ಅವರು ತಡೆದುಕೊಂಡರೆ ಮುಂದಿನವರಿಗೆ ಇನ್ನಷ್ಟು ಜಾಸ್ತಿ. "ವಾಸಿಯಾಗುತ್ತೆ ಅಂತ ಮಾತು ಕೊಡಲ್ಲ" ಎಂದರು. ಅಕ್ಕ ಒಪ್ಪಿದಳು.

ಮಾತ್ರೆ ಹಿಡಿಯಿತು! ಕೆಮ್ಮು ಇಳಿಯಿತು, ಗಡ್ಡೆ ಕುಗ್ಗಿತು, ಅಕ್ಕ ಮತ್ತೆ ಏಣಿ ಹತ್ತಿದಳು. ಭಾವನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಗೋಡೆಗೆ ಬಣ್ಣದ ಪುಡಿ ಹಚ್ಚಿದ ದಾರ ಬಿಗಿದು, ಚಿಮ್ಮಿಸಿ ಗೆರೆ ಹಾಕಿದಳು. ನಡುವೆ ಡೊಂಕಾಗಿ ಕಂಡಿತು. ಅಳಿಸಿ ಹಾಕಿದರೂ ಅಷ್ಟೇ. ನನ್ನನ್ನು ಕರೆದು ತೋರಿಸಿದಳು.

"ನೆಟ್ಟಗೇ ಇದೆಯಲ್ಲಕ್ಕ" ಎಂದೆ.

"ಬಿಗಿದ ದಾರ ಡೊಂಕಾಗಲ್ಲ ಕಣೇ. ಹಾಗಾದ್ರೆ ನನ್ನ ಕಣ್ಣೇ ಕೆಟ್ಟಿದೆ" ಎನ್ನುತ್ತಾ ಕೆಳಗಿಳಿದಳು.

ಭಾವ ಹೌಹಾರಿದರು. "ಡಾಕ್ಟರ್ ಹತ್ರ ಬಾಯಿ ಬಿಟ್ಟೀಯ, ಹುಷಾರು! ಮಾತ್ರೆ ನಿಲ್ಲಿಸಿಬಿಡ್ತಾರೆ. ಕಣ್ಣು ಹೋದ್ರೆ ಹೋಗ್ಲಿ, ಜೀವ ಇರುತ್ತಲ್ಲ!" ಆಸ್ಪತ್ರೆಯ ಬೆಂಚಿನ ಮೇಲೆ ಕೂತವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದದ್ದೂ ಇದನ್ನೇ: ಕೇಳಿದರೆ ಆರಾಮಾಗಿದ್ದೀನಿ ಅನ್ನಿ.

"ನನ್ನ ಹಿಂದೆ ಬರೋರಿಗೆ ಇನ್ನೂ ಜಾಸ್ತಿ ಕೊಡ್ತಾರಲ್ರೀ. ನಾನು ಸುಮ್ನಿದ್ರೆ ಅವರ ಗತಿ ಏನು?"

"ಅವರು ನಿನಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ" ಎಂದಳು ಅಕ್ಕ.

ಡಾಕ್ಟರಮ್ಮನಿಗೆ ಹೇಳಿಯೇಬಿಟ್ಟಳು. ಅವತ್ತೇ ಪರೀಕ್ಷೆ ಮಾಡಿದರು. ಮಾತ್ರೆಯಿಂದಾಗಿ ಕಣ್ಣಿನ ಹಿಂಪದರದಲ್ಲಿ ನೀರು ತುಂಬಿತ್ತು. ಅವಳ ಮಾತ್ರೆ ನಿಂತಿತು. ಮುಂದಿನ ಗುಂಪಿಗೆ ಹೆಚ್ಚಿಸುವುದನ್ನೂ ತಡೆದರು. ಉಳಿದವರನ್ನು ಕರೆಸಿ ನೋಡಿದರೆ, ಆರಾಮಾಗಿದ್ದೀನಿ ಎಂದಿದ್ದ ಇನ್ನಿಬ್ಬರ ಕಣ್ಣಲ್ಲೂ ಅದೇ ಕಥೆ!

ಮಾತ್ರೆಯಿಲ್ಲದ ಆ ವಾರಗಳನ್ನು ನಾವು ಜೀವ ಕೈಯಲ್ಲಿ ಹಿಡಿದು ಕಳೆದೆವು. ಕಣ್ಣು ತಿಳಿಯಾದ ಮೇಲೆ ಪ್ರಮಾಣ ಇಳಿಸಿ ಮತ್ತೆ ಶುರು ಮಾಡಿದರು. ಗಡ್ಡೆ ಈಗ ಕುಗ್ಗುತ್ತಲೂ ಇಲ್ಲ, ಬೆಳೆಯುತ್ತಲೂ ಇಲ್ಲ. ಮುಂದೇನೋ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಆದರೆ ಹೊಸದಾಗಿ ಸೇರುವವರಿಗೆ ಅಕ್ಕನಿಗೆ ಒಗ್ಗಿದಷ್ಟೇ ಕೊಡುತ್ತೇವೆ ಎಂದು ಅವರು ಹೇಳಿದಾಗ ನನಗೆ ಎದೆ ಉಬ್ಬಿಹೋಯಿತು. ನಮ್ಮಕ್ಕ ಕಣ್ರೀ ಅವಳು, ನಮ್ಮಕ್ಕ!

ಭಾವ ಮಾತ್ರ ಎಲ್ಲರೆದುರಿಗೇ ಅತ್ತುಬಿಟ್ಟರು.

"ಇವಳೊಬ್ಬಳು ಉಳಿದ್ರೆ ಸಾಕು ಅಂತಿದ್ದೆ, ಡಾಕ್ಟ್ರೇ. ಇವಳು ಮುಖಾನೂ ನೋಡದವರನ್ನೆಲ್ಲ ಉಳಿಸೋಕೆ ಹೊರಟ್ಲು. ಇಂಥವಳನ್ನ ಕಳ್ಕೋ ಅಂದ್ರೆ ನಾನು ಹೇಗೆ ಕಳ್ಕೊಳ್ಳಲಿ, ಹೇಳಿ?"